ಜೈಲರ್, ವೀಕ್ಷಕ, ಕಾವಲುಗಾರ: ಕಾಯುವವರಿಗೆ ನಮ್ಮಲ್ಲಿ ಎಷ್ಟು ಹೆಸರು?

ಇವತ್ತಿನ ಮಾತು ಒಂದು ಪದದ ಬಗ್ಗೆ.

2023ರಲ್ಲಿ ಬಂದ ರಜನೀಕಾಂತ್ ಸಿನಿಮಾ ‘ಜೈಲರ್’ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ನಮ್ಮವರಂತೂ ಶಿವಣ್ಣ ತೆರೆಗೆ ಬರುವ ಆ ಕೆಲವು ನಿಮಿಷಗಳಿಗೆ ಶಿಳ್ಳೆ ಹೊಡೆಯುವುದಕ್ಕೆಂದೇ ಹೋದರು. ಸಿನಿಮಾದ ಹೆಸರು ಎಲ್ಲ ಭಾಷೆಯಲ್ಲೂ ‘ಜೈಲರ್’ ಎಂದೇ ಇತ್ತು. ಈಗ ಒಂದು ಸಣ್ಣ ಪ್ರಶ್ನೆ. ಜೈಲರ್ ಎನ್ನುವುದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ? ಅಮ್ಮನನ್ನು ಕೇಳಿದರೆ ‘ಜೈಲರೇ’ ಅನ್ನಬಹುದು. ಅಜ್ಜನನ್ನು ಕೇಳಿದರೆ ‘ಬಂದೀಖಾನೆ ಅಧಿಕಾರಿ’ ಅನ್ನಬಹುದು. ಪತ್ರಿಕೆ ‘ಕಾರಾಗೃಹ ಸಿಬ್ಬಂದಿ’ ಎಂದು ಬರೆಯುತ್ತದೆ. ಇವೆಲ್ಲ ಸರಿಯೇ. ಆದರೆ ಒಂದೊಂದು ಪದವೂ ಆ ಕೆಲಸದ ಬಗ್ಗೆ ಒಂದೊಂದು ಬೇರೆ ಮಾತನ್ನು ಹೇಳುತ್ತದೆ, ಮತ್ತು ಆ ವ್ಯತ್ಯಾಸ ಕೆಲವೊಮ್ಮೆ ಒಬ್ಬ ಮನುಷ್ಯನ ಸಾವು ಬದುಕಿನ ವ್ಯತ್ಯಾಸವೂ ಆಗುತ್ತದೆ. ಅದನ್ನು ಇವತ್ತು ನಿಧಾನವಾಗಿ ನೋಡೋಣ.

ಮೊದಲು ಮನೆ, ಆಮೇಲೆ ಮನೆ ಕಾಯುವವನು

ಕಾಯುವವನ ಹೆಸರಿಗೆ ಮೊದಲು ಅವನು ಕಾಯುವ ಜಾಗದ ಹೆಸರು ತಿಳಿದಿರಬೇಕು. ಕನ್ನಡದಲ್ಲಿ ಇದಕ್ಕೆ ಐದು ಪದಗಳು ಸುಲಭವಾಗಿ ಸಿಗುತ್ತವೆ: ಸೆರೆಮನೆ, ಕಾರಾಗೃಹ, ಬಂದೀಖಾನೆ, ತುರಂಗ, ಜೈಲು.

‘ಸೆರೆ’ ಅಚ್ಚಗನ್ನಡ ಪದ. ಹಿಡಿಯುವುದು, ಹಿಡಿತದಲ್ಲಿರುವುದು ಎಂದು ಅರ್ಥ. ಕಾಡಿನಿಂದ ಊರಿಗೆ ಬಂದ ಚಿರತೆಯನ್ನು ಹಿಡಿದರೆ ಪತ್ರಿಕೆಯಲ್ಲಿ ‘ಚಿರತೆ ಸೆರೆ’ ಎಂದು ಬರುತ್ತದೆ. ಮದುವೆಯ ಫೋಟೋ ತೆಗೆದರೆ ‘ಕ್ಯಾಮೆರಾದಲ್ಲಿ ಸೆರೆಹಿಡಿದರು’ ಅನ್ನುತ್ತೇವೆ.

‘ಕಾರಾಗೃಹ’ ಸಂಸ್ಕೃತದಿಂದ ಬಂದದ್ದು. ಕೃಷ್ಣ ಹುಟ್ಟಿದ್ದು ಮಥುರೆಯ ಕಾರಾಗೃಹದಲ್ಲಿ ಎಂದು ಗೋಕುಲಾಷ್ಟಮಿಯ ದಿನ ಕೇಳಿರುತ್ತೀರಿ. ಆ ಕಥೆಯಲ್ಲಿ ಕಾವಲುಗಾರರೂ ಇದ್ದಾರೆ. ಅವರೆಲ್ಲ ನಿದ್ದೆ ಹೋದದ್ದರಿಂದ ವಸುದೇವ ಮಗುವನ್ನು ಹೊರಗೆ ಸಾಗಿಸಿದ. ನಮ್ಮ ಕಥೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಜೈಲು ಸಿಬ್ಬಂದಿ ಎಂದರೆ ಬಹುಶಃ ಇವರೇ. ಒಬ್ಬರ ಹೆಸರೂ ನಮಗೆ ತಿಳಿದಿಲ್ಲ.

‘ಬಂದೀಖಾನೆ’ಯಲ್ಲಿರುವ ‘ಖಾನೆ’ ಪಾರಸಿ ಭಾಷೆಯದು, ಮನೆ ಎಂದರ್ಥ. ‘ಕಾರ್ಖಾನೆ’, ‘ದವಾಖಾನೆ’ ಎಲ್ಲವೂ ಅದೇ ಮನೆತನದವು. ‘ಕೈದಿ’ ಎನ್ನುವುದು ಅರಬ್ಬಿಯಿಂದ ಬಂದ ಪದ. ಅದಕ್ಕೂ ನಮ್ಮ ಕೈಗೂ ಸಂಬಂಧವಿಲ್ಲ.

‘ತುರಂಗ’ ಎಂದರೆ ಸಂಸ್ಕೃತದಲ್ಲಿ ಕುದುರೆ. ಆದರೆ ‘ತುರಂಗವಾಸ’ ಎನ್ನುವಾಗಿನ ತುರಂಗಕ್ಕೆ ಕುದುರೆಯ ಸಂಬಂಧವಿಲ್ಲ. ಮರಾಠಿಯ ‘ತುರುಂಗ್’ ಮೂಲಕ ಬಂದ ಇದರ ಮೂಲವನ್ನು ಪೋರ್ಚುಗೀಸ್ ಭಾಷೆಯ ‘ಟ್ರೊಂಕೊ’ದಲ್ಲಿ ಗುರುತಿಸುತ್ತಾರೆ. ಟ್ರೊಂಕೊ ಎಂದರೆ ಮರದ ಕಾಂಡ. ಕೈದಿಯ ಕಾಲನ್ನು ಸಿಕ್ಕಿಸಿಡುತ್ತಿದ್ದ ಮರದ ದಿಮ್ಮಿಗೂ ಅದೇ ಹೆಸರಿತ್ತು.

ಇನ್ನು ‘ಜೈಲು’. ಇಂಗ್ಲಿಷಿಗೆ ಇದು ಹಳೆಯ ಫ್ರೆಂಚಿನಿಂದ ಬಂತು, ಫ್ರೆಂಚಿಗೆ ಲ್ಯಾಟಿನ್‌ನಿಂದ. ಅಲ್ಲಿ ಅದರ ಅರ್ಥ ಪುಟ್ಟ ಪಂಜರ. ಹಾಗಾಗಿ ‘ಜೈಲರ್’ ಎಂದರೆ ಮೂಲದಲ್ಲಿ ಪಂಜರದವನು, ಅಷ್ಟೇ. ಒಳಗಿರುವ ಹಕ್ಕಿ ಹೇಗಿದೆ ಎಂದು ಆ ಪದ ಕೇಳುವುದಿಲ್ಲ.

ಪಹರೆಯವನು, ಹವಾಲ್ದಾರ, ವೀಕ್ಷಕ

ಈಗ ಮನುಷ್ಯನ ಕಡೆ ಬರೋಣ. ಮೊದಲೇ ಒಂದು ಎಚ್ಚರಿಕೆ. ‘ಸೆರೆಯಾಳು’ ಎಂಬ ಪದ ನೋಡಿ, ಆಳು ಎಂದರೆ ಕೆಲಸದವನು ತಾನೇ, ಹಾಗಾದರೆ ಸೆರೆಮನೆಯಲ್ಲಿ ಕೆಲಸ ಮಾಡುವವನು ಎಂದು ಅಂದುಕೊಳ್ಳಬೇಡಿ. ಸೆರೆಯಾಳು ಎಂದರೆ ಸೆರೆ ಸಿಕ್ಕವನು, ಅಂದರೆ ಕೈದಿ. ಯುದ್ಧದಲ್ಲಿ ಸಿಕ್ಕವರನ್ನು ‘ಯುದ್ಧ ಸೆರೆಯಾಳು’ ಅನ್ನುತ್ತಾರೆ. ಕಾಯುವವನು ಬೇಕಾದರೆ ‘ಸೆರೆಮನೆ ಕಾವಲುಗಾರ’ ಅನ್ನಬೇಕು.

‘ಪಹರೆ’ ಎಂಬ ಪದ ಸಂಸ್ಕೃತದ ‘ಪ್ರಹರ’ದಿಂದ ಬಂದದ್ದು. ಹಗಲು ರಾತ್ರಿ ಸೇರಿ ಎಂಟು ಪ್ರಹರ, ಒಂದು ಪ್ರಹರಕ್ಕೆ ಸುಮಾರು ಮೂರು ಗಂಟೆ. ಅಂದರೆ ಪಹರೆಯವನು ಎಂದರೆ ತನ್ನ ಪಾಳಿಯ ಹೊತ್ತು ಎಚ್ಚರವಾಗಿರುವವನು. ಇಲ್ಲಿ ಶಿಫ್ಟ್ ಎನ್ನುತ್ತೀರಲ್ಲ, ಅದೇ.

‘ಹವಾಲ್ದಾರ’ ಪದ ಇನ್ನೂ ಸ್ವಾರಸ್ಯ. ‘ಹವಾಲೆ’ ಎಂದರೆ ಒಬ್ಬರ ವಶಕ್ಕೆ ಒಪ್ಪಿಸುವುದು. ದುಡ್ಡಿನ ‘ಹವಾಲಾ’ ವ್ಯವಹಾರವೂ ಇದೇ ಅರಬ್ಬಿ ಮೂಲದ್ದು. ಹವಾಲ್ದಾರ ಎಂದರೆ ಯಾರ ಕೈಗೆ ಒಪ್ಪಿಸಲಾಗಿದೆಯೋ ಅವನು. ನಂಬಿ ಕೊಟ್ಟದ್ದನ್ನು ಹಾಗೆಯೇ ಮರಳಿಸಬೇಕಾದವನು.

ಕರ್ನಾಟಕದ ಜೈಲುಗಳಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಇರುವವರು ವಾರ್ಡರ್‌ಗಳು. ಬಾಗಿಲು ತೆಗೆಯುವುದು, ಎಣಿಸುವುದು, ರಾತ್ರಿ ಸುತ್ತು ಹಾಕುವುದು ಅವರ ಕೆಲಸ. ಸರ್ಕಾರಿ ಕನ್ನಡದಲ್ಲಿ ಅವರಿಗೆ ‘ವೀಕ್ಷಕ’ ಎಂದು ಹೆಸರು. ಅವರ ಮೇಲೆ ‘ಮುಖ್ಯ ವೀಕ್ಷಕ’, ಆಮೇಲೆ ‘ಸಹಾಯಕ ಜೈಲರ್’, ‘ಜೈಲರ್’, ಅವರೆಲ್ಲರ ಮೇಲೆ ‘ಅಧೀಕ್ಷಕ’. ವೀಕ್ಷಕ ಎಂದರೇನು? ನೋಡುವವನು. ಟಿವಿಯವರು ‘ಪ್ರಿಯ ವೀಕ್ಷಕರೇ’ ಎಂದು ಕರೆಯುವುದೂ ಇದೇ ಪದದಿಂದ. ನಾವು ರೇಡಿಯೋದವರು, ನಮಗೆ ಕೇಳುಗರು ಸಾಕು! ಆದರೆ ತಮಾಷೆ ಪಕ್ಕಕ್ಕಿಟ್ಟು ಯೋಚಿಸಿ. ಸೋಫಾದ ಮೇಲೆ ಕೂತು ಸೀರಿಯಲ್ ನೋಡುವವನಿಗೂ, ಸಾವಿರಾರು ಜನರ ಜೀವ ಕೈಯಲ್ಲಿರುವವನಿಗೂ ಒಂದೇ ಹೆಸರು. ಬರೀ ನೋಡುವುದು ಸಾಕೇ?

‘ಕಾಯ್’ ಎಂಬ ಎರಡಕ್ಷರ

ಈಗ ಇವತ್ತಿನ ಮುಖ್ಯ ಪದಕ್ಕೆ ಬಂದೆವು. ‘ಕಾವಲುಗಾರ’. ಇದರ ಬೇರು ‘ಕಾಯ್’ ಎಂಬ ಧಾತು. ನಿಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಬಳಕೆಯಾಗುವ ಪದ ಇದು. ಅದರ ಅರ್ಥಗಳನ್ನು ಒಂದೊಂದಾಗಿ ಬಿಡಿಸಿ ನೋಡಿ.

ಒಂದು, ತಪ್ಪಿಸಿಕೊಂಡು ಹೋಗದಂತೆ, ಕಳವಾಗದಂತೆ ನೋಡಿಕೊಳ್ಳುವುದು. ಹೊಲ ಕಾಯುವುದು, ಗೇಟು ಕಾಯುವುದು.

ಎರಡು, ಕೇಡು ತಟ್ಟದಂತೆ ರಕ್ಷಿಸುವುದು. ‘ದೇವರೇ ನಮ್ಮನ್ನು ಕಾಯಬೇಕು’ ಎಂದು ಅಜ್ಜಿ ನಿಟ್ಟುಸಿರು ಬಿಡುವಾಗ, ದೇವರು ನಮ್ಮನ್ನು ಕೂಡಿಹಾಕಲಿ ಎಂದು ಅರ್ಥವಲ್ಲ. ‘ಕಾಪಾಡು’ ಎನ್ನುವುದೂ ಇದೇ ಬೇರಿನ ಚಿಗುರು.

ಮೂರು, ಯಾರಿಗಾದರೂ, ಯಾವುದಕ್ಕಾದರೂ ಎದುರು ನೋಡುತ್ತಾ ಇರುವುದು. ‘ಬಸ್ಸಿಗೆ ಕಾಯ್ತಾ ಇದ್ದೀನಿ’.

(ಹಾಲು ಕಾಯಿಸುವುದು, ದೋಸೆ ಕಾವಲಿ, ಇವು ಬಿಸಿಗೆ ಸಂಬಂಧಿಸಿದ ಬೇರೆ ‘ಕಾಯ್’. ಎರಡನ್ನೂ ಬೆರೆಸಬೇಡಿ.)

ಈ ಪದ ನಮ್ಮೊಬ್ಬರದೇ ಅಲ್ಲ. ಚೆನ್ನೈನಲ್ಲಿ ಪೊಲೀಸ್ ಠಾಣೆಯ ಬೋರ್ಡಿನ ಮೇಲೆ ತಮಿಳಿನಲ್ಲಿ ‘ಕಾವಲ್ ನಿಲೈಯಂ’ ಎಂದು ಬರೆದಿರುತ್ತದೆ. ನಮ್ಮ ಹಳೆ ಮೈಸೂರು ಸೀಮೆಯಲ್ಲಿ ‘ಕಾವಲು’ ಎಂದರೆ ಹುಲ್ಲುಗಾವಲು. ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟ ‘ಅಮೃತಮಹಲ್ ಕಾವಲು’ಗಳು ಚಿತ್ರದುರ್ಗ, ಚಿಕ್ಕಮಗಳೂರು, ಹಾಸನದ ಕಡೆ ಇಂದಿಗೂ ಇವೆ. ದನ ಕಾಯುವವನು ಏನು ಮಾಡುತ್ತಾನೆ? ದನ ಬೇರೆಯವರ ಹೊಲಕ್ಕೆ ನುಗ್ಗದಂತೆ ತಡೆಯುತ್ತಾನೆ, ಹುಲಿ ಚಿರತೆ ಹಿಡಿಯದಂತೆ ಉಳಿಸುತ್ತಾನೆ, ಸಂಜೆಯವರೆಗೆ ಅವುಗಳ ಜೊತೆಯಲ್ಲೇ ಇರುತ್ತಾನೆ. ಮೂರು ಅರ್ಥವೂ ಒಬ್ಬ ಮನುಷ್ಯನಲ್ಲಿ. ಸಂಜೆ ದನಗಳನ್ನು ಎಣಿಸಿ ಹಟ್ಟಿಗೆ ಸೇರಿಸುವಾಗ ಒಂದು ಕಡಿಮೆಯಾದರೆ, ಅದು ಓಡಿಹೋಯಿತೋ ಸತ್ತುಹೋಯಿತೋ, ಎರಡಕ್ಕೂ ಉತ್ತರ ಕೊಡಬೇಕಾದವನು ಅವನೇ.

ಜೈಲಿನ ಕಾವಲುಗಾರನ ಕೆಲಸವೂ ಇದೇ. ಒಳಗಿರುವವನು ಓಡಿಹೋಗಬಾರದು. ಒಳಗಿರುವವನಿಗೆ ಕೇಡಾಗಬಾರದು. ಅವನ ದಿನ ಮುಗಿಯುವವರೆಗೆ ಜೊತೆಗಿದ್ದು ಕಾದು, ಜೀವಂತವಾಗಿ ಹೊರಗೆ ಕಳಿಸಬೇಕು.

ಇಂಗ್ಲಿಷಿನಲ್ಲೂ ಹೀಗೇ ಇದೆ. ‘ಗಾರ್ಡ್’ ಮತ್ತು ‘ವಾರ್ಡ್’ ಒಂದೇ ಬೇರಿನ ಎರಡು ಪದಗಳು. ಅದರಿಂದಲೇ ವಾರ್ಡನ್, ಅದರಿಂದಲೇ ಗಾರ್ಡಿಯನ್. ‘ಕಸ್ಟಡಿ’ ಎನ್ನುವ ಪದವನ್ನು ತೆಗೆದುಕೊಳ್ಳಿ. ಪೊಲೀಸ್ ಕಸ್ಟಡಿಯೂ ಅದೇ, ತಂದೆ ತಾಯಿ ಬೇರೆಯಾದಾಗ ಮಗುವಿನ ಕಸ್ಟಡಿಯೂ ಅದೇ. ನಿಮ್ಮ ಶಾಲೆಯ ಕಸ್ಟೋಡಿಯನ್ ಕೂಡ ಆ ಮನೆತನದವರೇ. ಮೂಲ ಲ್ಯಾಟಿನ್ ಪದದ ಅರ್ಥ ಕಾಪಾಡುವವನು.

ಕನ್ನಡದ ಕಾನೂನು ಪುಸ್ತಕಗಳಲ್ಲಿ ಕಸ್ಟಡಿಗೆ ‘ಅಭಿರಕ್ಷೆ’ ಎಂದು ಬಳಸುತ್ತಾರೆ. ಒಳಗೆ ‘ರಕ್ಷೆ’ ಇದೆ, ಅಣ್ಣನ ಕೈಗೆ ಕಟ್ಟುವ ರಾಖಿಯಲ್ಲಿರುವ ರಕ್ಷೆಯೇ. ಆದರೆ ಪತ್ರಿಕೆ ತೆರೆಯಿರಿ: ‘ಆರೋಪಿಗೆ 14 ದಿನ ನ್ಯಾಯಾಂಗ ಬಂಧನ’. ಅಭಿರಕ್ಷೆ ಹೋಯಿತು, ಬಂಧನ ಉಳಿಯಿತು. ಪದದ ಅರ್ಧ ಭಾಗ ಅನುವಾದದಲ್ಲಿ ಬಿದ್ದುಹೋಯಿತು. ಇವತ್ತು ನಾನು ಹೇಳಬೇಕೆಂದಿರುವ ಒಂದೇ ಮಾತು ಇದು. ಕಾಯುವುದರಲ್ಲಿ ಎರಡು ಕೆಲಸ ಇವೆ, ತಡೆಯುವುದು ಮತ್ತು ಉಳಿಸುವುದು. ಮೊದಲನೆಯದನ್ನು ಎಲ್ಲರೂ ನೆನಪಿಡುತ್ತಾರೆ. ಎರಡನೆಯದನ್ನು ಮರೆತಾಗ ಜನ ಸಾಯುತ್ತಾರೆ.

ಮೈಸೂರಿನಲ್ಲಿ ಸಿಕ್ಕ ಹಳೆಯ ನಿಯಮ

ಇದು ಈ ಕಾಲದ ಮಾನವ ಹಕ್ಕುಗಳ ಮಾತು ಮಾತ್ರ ಎಂದು ತಿಳಿಯಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರು ಕೇಳಿದ್ದೀರಿ. ಶತಮಾನಗಳ ಕಾಲ ಈ ಗ್ರಂಥ ಎಲ್ಲಿದೆಯೆಂದೇ ಯಾರಿಗೂ ತಿಳಿದಿರಲಿಲ್ಲ. 1905ರಲ್ಲಿ ಅದರ ತಾಳೆಗರಿಯ ಪ್ರತಿಯನ್ನು ಗುರುತಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಹಾಸನ ಜಿಲ್ಲೆಯ ಒಂದು ಹಳ್ಳಿಯ ಪಂಡಿತರಿಂದಾಗಿ ಇಡೀ ಜಗತ್ತಿಗೆ ಅರ್ಥಶಾಸ್ತ್ರ ಸಿಕ್ಕಿತು.

ಅದರಲ್ಲಿ ಜೈಲಿನ ಮುಖ್ಯಸ್ಥನಿಗೆ ‘ಬಂಧನಾಗಾರಾಧ್ಯಕ್ಷ’ ಎಂದು ಹೆಸರು. ಬಂಧನ, ಆಗಾರ ಅಂದರೆ ಮನೆ, ಅಧ್ಯಕ್ಷ: ಮೂರು ಪದ ಸೇರಿ ಒಂದು ಉದ್ದನೆಯ ಪದ. ಸ್ವಾರಸ್ಯ ಏನೆಂದರೆ, ಆ ಭಾಗದಲ್ಲಿ ಬರುವುದು ಕೈದಿಗಳಿಗೆ ವಿಧಿಸುವ ಶಿಕ್ಷೆಯಲ್ಲ, ಈ ಅಧ್ಯಕ್ಷನಿಗೆ ವಿಧಿಸುವ ದಂಡ! ಕಾರಣ ತಿಳಿಸದೆ ಒಬ್ಬನನ್ನು ಕೂಡಿಹಾಕಿದರೆ 24 ಪಣ. ಅನ್ಯಾಯವಾಗಿ ಹಿಂಸಿಸಿದರೆ 48 ಪಣ. ಅನ್ನ ನೀರು ತಪ್ಪಿಸಿದರೆ 96 ಪಣ. ಲಂಚ ತೆಗೆದುಕೊಂಡರೆ ಅದಕ್ಕಿಂತ ದೊಡ್ಡ ದಂಡ. ಹೊಡೆದು ಸಾಯಿಸಿದರೆ 1000 ಪಣ. ಒಂದು ಜೀವಕ್ಕೆ ಬರೀ ದಂಡವೇ ಎಂದು ನಮಗೆ ಇವತ್ತು ಅನಿಸುತ್ತದೆ, ಅನಿಸಬೇಕು ಕೂಡ. ಆದರೆ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ರಾಜ್ಯವು ತನ್ನ ಜೈಲರನಿಗೆ ಹೇಳಿದ್ದು ಇದು: ಒಳಗಿರುವವನ ಊಟ, ನೀರು, ಉಸಿರು ನಿನ್ನ ಲೆಕ್ಕದಲ್ಲಿದೆ.

ಬ್ರಿಟಿಷರು 1894ರಲ್ಲಿ ಬಂದೀಖಾನೆಗಳ ಕಾಯ್ದೆ ತಂದರು. ಅದೇ 1894ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲರ ಕನ್ನಡ ಇಂಗ್ಲಿಷ್ ನಿಘಂಟು ಅಚ್ಚಾಯಿತು. ಆ ಕಾಯ್ದೆಯ ಪ್ರಕಾರ ಜೈಲರ್ ಜೈಲಿನಲ್ಲೇ ವಾಸಿಸಬೇಕು. ಅನುಮತಿಯಿಲ್ಲದೆ ಒಂದು ರಾತ್ರಿಯೂ ಹೊರಗಿರಬಾರದು. ಅಂದರೆ ಕೈದಿಗಳ ಜೊತೆ ಅವನಿಗೂ ಒಂದು ರೀತಿಯ ಸೆರೆವಾಸ. ಈ ಕೆಲಸ ಮಾಡುವವರ ಬಗ್ಗೆ ಮಾತಾಡುವಾಗ ಇದನ್ನು ಮರೆಯಬಾರದು. ಸಿನಿಮಾದಲ್ಲಿ ತೋರಿಸುವ ಹಾಗೆ ಅವರೆಲ್ಲ ಹುಲಿಗಳೂ ಅಲ್ಲ, ಖಳನಾಯಕರೂ ಅಲ್ಲ. ಸಂಬಳಕ್ಕೆ ದುಡಿಯುವ, ಹಬ್ಬದ ದಿನವೂ ಪಾಳಿ ಇರುವ, ತಮ್ಮ ದಿನದ ಬಹುಪಾಲನ್ನು ಬೀಗದ ಒಳಗೆ ಕಳೆಯುವ ಜನ.

ಸ್ನೇಹಲತಾ ರೆಡ್ಡಿ

ಈಗ ಒಬ್ಬರ ಹೆಸರು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಸ್ನೇಹಲತಾ ರೆಡ್ಡಿ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1970ರಲ್ಲಿ ಸಿನಿಮಾ ಆಯಿತು. ನಿರ್ದೇಶಕರು ಪಟ್ಟಾಭಿರಾಮ ರೆಡ್ಡಿ. ಚಂದ್ರಿಯ ಪಾತ್ರ ಮಾಡಿದವರು ಅವರ ಪತ್ನಿ ಸ್ನೇಹಲತಾ. ಕನ್ನಡ ಸಿನಿಮಾದ ಇತಿಹಾಸವನ್ನು ಯಾರೇ ಬರೆದರೂ ಆ ಮುಖವನ್ನು ಬಿಟ್ಟು ಬರೆಯಲಾಗದು.

1975ರಲ್ಲಿ ಭಾರತದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ವಿಚಾರಣೆಯಿಲ್ಲದೆ ಸಾವಿರಾರು ಜನರನ್ನು ಜೈಲಿಗೆ ಹಾಕಿದರು. ಸ್ನೇಹಲತಾ ಅವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಜಾರ್ಜ್ ಫರ್ನಾಂಡಿಸ್ ಅವರ ಗೆಳೆತನ ಮುಖ್ಯ ಕಾರಣ. ಅವರಿಗೆ ತೀವ್ರವಾದ ಅಸ್ತಮಾ ಇತ್ತು. ಉಸಿರಾಡಲು ಕಷ್ಟಪಡುತ್ತಿದ್ದ ಹೆಂಗಸಿಗೆ ಬೇಕಾದ ಚಿಕಿತ್ಸೆ ಸರಿಯಾಗಿ ಸಿಗಲಿಲ್ಲ. ಎಂಟು ತಿಂಗಳು ಕಳೆಯಿತು. ಜೀವ ಉಳಿಯುವುದು ಕಷ್ಟ ಎನ್ನುವ ಸ್ಥಿತಿಗೆ ಬಂದಾಗ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ಅವರು ತೀರಿಕೊಂಡರು. ಜೈಲಿನಲ್ಲಿ ಬರೆದ ಅವರ ದಿನಚರಿ ಅದೇ ವರ್ಷ ಪುಸ್ತಕವಾಗಿ ಹೊರಬಂತು. ತಮ್ಮ ಕಾಯಿಲೆಯ ಜೊತೆಗೆ, ಅದೇ ಜೈಲಿನಲ್ಲಿದ್ದ ಬಡ ಹೆಣ್ಣುಮಕ್ಕಳ ಪಾಡಿನ ಬಗ್ಗೆಯೂ ಅವರು ದನಿಯೆತ್ತಿದ್ದರು.

ಗಮನಿಸಿ, ಅವರನ್ನು ತಡೆಯುವ ಕೆಲಸದಲ್ಲಿ ಆ ಜೈಲು ಎಲ್ಲೂ ಎಡವಲಿಲ್ಲ. ಗೋಡೆ ಗಟ್ಟಿಯಾಗಿತ್ತು, ಬೀಗ ಬಿಗಿಯಾಗಿತ್ತು, ಎಣಿಕೆ ಸರಿಯಾಗಿತ್ತು. ಎರಡನೆಯ ಕೆಲಸ, ಉಳಿಸುವ ಕೆಲಸ, ಅದು ಆಗಲಿಲ್ಲ.

ಆ ಜೈಲು ಈಗ ಜೈಲಾಗಿ ಉಳಿದಿಲ್ಲ. ಕೈದಿಗಳೆಲ್ಲ ಪರಪ್ಪನ ಅಗ್ರಹಾರಕ್ಕೆ ಹೋದರು. ಹಳೆಯ ಜಾಗ 2008ರಲ್ಲಿ ‘ಫ್ರೀಡಂ ಪಾರ್ಕ್’ ಆಯಿತು. ಬೆಂಗಳೂರಿಗೆ ಹೋದಾಗ ಮೆಜೆಸ್ಟಿಕ್ ಹತ್ತಿರದ ಶೇಷಾದ್ರಿ ರಸ್ತೆಯಲ್ಲಿ ನೋಡಿ ಬನ್ನಿ. ಹಳೆಯ ಬ್ಯಾರಕ್ಕುಗಳ ಒಂದಿಷ್ಟು ಭಾಗವನ್ನೂ, ನಡುವೆ ನಿಂತ ಕಾವಲು ಗೋಪುರವನ್ನೂ ಉಳಿಸಿದ್ದಾರೆ. ಸುತ್ತಲಿನ ಬ್ಯಾರಕ್ಕುಗಳ ಮೇಲೆ ಅಲ್ಲಿಂದಲೇ ಕಣ್ಣಿಡುತ್ತಿದ್ದರು. ವೀಕ್ಷಕ ಎಂಬ ಪದಕ್ಕೆ ಕಲ್ಲು ಗಾರೆಯ ರೂಪ ಕೊಟ್ಟರೆ ಹೀಗಿರುತ್ತದೆ.

ನಮ್ಮ ನದಿಯ ಕೆಳದಂಡೆಯಲ್ಲಿ

ಅಂಥದೇ ಗೋಪುರವನ್ನು ನೋಡಲು ಬೆಂಗಳೂರಿಗೇ ಹೋಗಬೇಕಿಲ್ಲ. ಡೆಸ್ ಪ್ಲೇನ್ಸ್ ಊರಿಗೆ ಹೆಸರು ಕೊಟ್ಟ ಡೆಸ್ ಪ್ಲೇನ್ಸ್ ನದಿ ದಕ್ಷಿಣಕ್ಕೆ ಹರಿದು ಜೋಲಿಯೆಟ್ ಊರನ್ನು ಹಾದು ಹೋಗುತ್ತದೆ. ಅಲ್ಲಿ 1858ರಲ್ಲಿ ತೆರೆದ ಜೋಲಿಯೆಟ್ ಜೈಲು ಇದೆ. ಅಲ್ಲೇ ಅಗೆದ ಸುಣ್ಣಕಲ್ಲಿನಿಂದ ಕೈದಿಗಳ ಕೈಯಲ್ಲೇ ಕಟ್ಟಿಸಿದ್ದು. 2002ರಲ್ಲಿ ಮುಚ್ಚಿತು. ‘ದಿ ಬ್ಲೂಸ್ ಬ್ರದರ್ಸ್’ ಸಿನಿಮಾದ ಆರಂಭದಲ್ಲಿ, ‘ಪ್ರಿಸನ್ ಬ್ರೇಕ್’ ಧಾರಾವಾಹಿಯಲ್ಲಿ ನೀವು ನೋಡಿರುವುದು ಅದನ್ನೇ. ಈಗ ಟಿಕೆಟ್ ಕೊಂಡು ಒಳಗೆ ಹೋಗಿ ನೋಡಬಹುದು.

ಅದರ ಹತ್ತಿರವೇ ಕ್ರೆಸ್ಟ್ ಹಿಲ್‌ನಲ್ಲಿ ಸ್ಟೇಟ್‌ವಿಲ್ ಜೈಲು, 1925ರದ್ದು. ಅಲ್ಲಿ ದುಂಡಗಿನ ಕಟ್ಟಡಗಳಿದ್ದವು. ಸುತ್ತ ನಾಲ್ಕು ಅಂತಸ್ತಿನ ಕೋಣೆಗಳು, ನಟ್ಟನಡುವೆ ಒಂದು ಗೋಪುರ. ಗೋಪುರದಲ್ಲಿ ನಿಂತ ಒಬ್ಬನಿಗೆ ಎಲ್ಲ ಕೋಣೆಗಳೂ ಕಾಣುತ್ತವೆ. ಜೆರೆಮಿ ಬೆಂಥಮ್ ಎಂಬ ಇಂಗ್ಲಿಷ್ ಚಿಂತಕ 18ನೇ ಶತಮಾನದ ಕೊನೆಯಲ್ಲಿ ಇಂಥ ಕಟ್ಟಡದ ಕಲ್ಪನೆ ಕೊಟ್ಟು ‘ಪ್ಯಾನಾಪ್ಟಿಕಾನ್’ ಎಂದು ಹೆಸರಿಟ್ಟಿದ್ದ. ಎಲ್ಲವನ್ನೂ ನೋಡುವುದು ಎಂದು ಅದರ ಅರ್ಥ. ಸ್ಟೇಟ್‌ವಿಲ್‌ನಲ್ಲಿ ಕೊನೆಗೆ ಉಳಿದಿದ್ದ ದುಂಡು ಕಟ್ಟಡವನ್ನು 2016ರಲ್ಲಿ ಮುಚ್ಚಿದರು. ಉಳಿದ ಜೈಲು ಎಷ್ಟು ಶಿಥಿಲವಾಗಿತ್ತೆಂದರೆ, ಕಾಂಕ್ರೀಟ್ ಉದುರಿ ಬೀಳುವ ಅಪಾಯವಿದೆ ಎಂದು 2024ರಲ್ಲಿ ಫೆಡರಲ್ ನ್ಯಾಯಾಲಯ ಬಹುಪಾಲು ಕೈದಿಗಳನ್ನು ಬೇರೆ ಕಡೆ ಸಾಗಿಸಲು ಆದೇಶಿಸಿತು. ಎಲ್ಲ ಕಾಣುವ ಹಾಗೆ ಕಟ್ಟಿದ ಜಾಗದಲ್ಲಿ ಮೇಲಿನಿಂದ ಬೀಳುವ ಚಾವಣಿ ಮಾತ್ರ ಬಹಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಅಮೆರಿಕದಲ್ಲಿ ಪದಗಳನ್ನು ಬದಲಿಸುವ ಪ್ರಯತ್ನ ಬಹಳ ಹಿಂದೆಯೇ ಆಯಿತು. 1954ರಲ್ಲಿ ಅಮೆರಿಕನ್ ಪ್ರಿಸನ್ ಅಸೋಸಿಯೇಷನ್ ತನ್ನ ಹೆಸರನ್ನೇ ಅಮೆರಿಕನ್ ಕರೆಕ್ಷನಲ್ ಅಸೋಸಿಯೇಷನ್ ಎಂದು ಬದಲಿಸಿಕೊಂಡಿತು. ಪ್ರಿಸನ್ ಗಾರ್ಡ್‌ಗಳು ಕರೆಕ್ಷನಲ್ ಆಫೀಸರ್‌ಗಳಾದರು, ತಿದ್ದುವ ಅಧಿಕಾರಿಗಳು. ಕರ್ನಾಟಕದಲ್ಲೂ ಬಂದೀಖಾನೆ ಇಲಾಖೆ ಈಗ ‘ಕಾರಾಗೃಹ ಮತ್ತು ಸುಧಾರಣಾ ಸೇವೆ’ ಇಲಾಖೆ. ಬೋರ್ಡು ಬದಲಾಯಿಸಿದರೆ ಸಾಲದು ಎಂದು ನಗುವವರಿದ್ದಾರೆ. ಆದರೆ ಕೆಲವೊಮ್ಮೆ ಪದದ ಹಿಂದೆ ಕೆಲಸವೂ ಬರುತ್ತದೆ. 2015ರಲ್ಲಿ ಶೆರಿಫ್ ಟಾಮ್ ಡಾರ್ಟ್ ಅವರು ಷಿಕಾಗೋದ ಕುಕ್ ಕೌಂಟಿ ಜೈಲಿನ ಮುಖ್ಯಸ್ಥೆಯಾಗಿ ನೇಮಿಸಿದ್ದು ಪೊಲೀಸರೊಬ್ಬರನ್ನಲ್ಲ, ಮನಶ್ಶಾಸ್ತ್ರಜ್ಞೆ ಡಾ. ನೆಕಾ ಜೋನ್ಸ್ ಟಾಪಿಯಾ ಅವರನ್ನು. ಒಳಗಿರುವವರಲ್ಲಿ ಮಾನಸಿಕ ಕಾಯಿಲೆ ಇರುವವರು ಬಹಳ. ಅವರನ್ನು ಉಳಿಸಲು ತಿಳಿದವರು ಬೇಕು ಎನ್ನುವುದು ಅದರ ಹಿಂದಿನ ಯೋಚನೆ. ಕರ್ನಾಟಕದಲ್ಲಿ ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಜೈಲಿನ ಕೈದಿಗಳಿಗೆ ನಾಟಕ ಕಲಿಸಿ, ಕಾರ್ನಾಡರ ‘ತಲೆದಂಡ’ದಂಥ ನಾಟಕಗಳನ್ನು ಹೊರಗಿನ ರಂಗಮಂದಿರಗಳಲ್ಲಿ ಆಡಿಸಿದರು. ಜೀವಾವಧಿ ಕೈದಿಗಳನ್ನು ಹೊರಗೆ ಕರೆದೊಯ್ದು ನಾಟಕ ಆಡಿಸಿ ಮರಳಿ ಕರೆತರಲು ಜೈಲಿನ ಸಿಬ್ಬಂದಿ ಅವರನ್ನು ನಂಬಬೇಕು. ಅಂಥ ರಾತ್ರಿ ಕಾಯುವುದಕ್ಕೆ ಬೇರೆಯೇ ಅರ್ಥ ಬರುತ್ತದೆ.

ಒಂದು ಗಂಟೆಗೊಮ್ಮೆ ನೋಡುವುದು

ಸ್ಯಾಂಡ್ರಾ ಬ್ಲಾಂಡ್ ಹೆಸರು ನಿಮಗೆ ಗೊತ್ತಿರಬೇಕು. ನೇಪರ್‌ವಿಲ್‌ನವರು, 28 ವರ್ಷ. ಹೊಸ ಕೆಲಸಕ್ಕೆಂದು ಟೆಕ್ಸಸ್‌ಗೆ ಹೋದವರನ್ನು 2015ರ ಜುಲೈ 10ರಂದು ಪೊಲೀಸರು ಟ್ರಾಫಿಕ್ ನಿಯಮದ ನೆಪದಲ್ಲಿ ನಿಲ್ಲಿಸಿದರು, ಮಾತಿಗೆ ಮಾತು ಬೆಳೆದು ಬಂಧಿಸಿದರು. ಜಾಮೀನಿಗೆ ಬೇಕಿದ್ದದ್ದು ಸುಮಾರು 500 ಡಾಲರ್. ಜುಲೈ 13ರ ಬೆಳಿಗ್ಗೆ ವಾಲರ್ ಕೌಂಟಿ ಜೈಲಿನ ಕೋಣೆಯಲ್ಲಿ ಅವರು ತೀರಿಕೊಂಡಿದ್ದರು. ಆತ್ಮಹತ್ಯೆ ಎಂದು ಅಧಿಕೃತ ವರದಿ ಹೇಳಿತು. ಮನೆಯವರು ಪ್ರಶ್ನೆಗಳನ್ನು ಎತ್ತಿದರು. ಆದರೆ ಒಂದು ವಿಷಯವನ್ನು ಟೆಕ್ಸಸ್‌ನ ಜೈಲು ಗುಣಮಟ್ಟದ ಆಯೋಗವೇ ದಾಖಲಿಸಿತು: ಗಂಟೆಗೊಮ್ಮೆಯಾದರೂ ಕೈದಿಯನ್ನು ಮುಖಾಮುಖಿ ನೋಡಬೇಕೆಂಬ ನಿಯಮವನ್ನು ಆ ಜೈಲು ಪಾಲಿಸಿರಲಿಲ್ಲ.

ವೀಕ್ಷಕ ಎಂದರೆ ಬರೀ ನೋಡುವವನೇ ಎಂದು ಆಗ ಕೇಳಿದೆವು. ಆ ನೋಡುವುದೂ ಆಗದಿದ್ದರೆ? 2017ರಲ್ಲಿ ಟೆಕ್ಸಸ್ ಅವರ ಹೆಸರಿನಲ್ಲೇ ಒಂದು ಕಾನೂನು ಮಾಡಿತು. ಸಿಬ್ಬಂದಿ ನಿಜವಾಗಿಯೂ ಕೋಣೆಯ ಬಳಿ ಬಂದು ನೋಡಿದರೋ ಇಲ್ಲವೋ ಎಂಬುದನ್ನು ದಾಖಲಿಸುವ ಎಲೆಕ್ಟ್ರಾನಿಕ್ ಉಪಕರಣಗಳನ್ನು ಜೈಲುಗಳಲ್ಲಿ ಅಳವಡಿಸುವುದೂ ಅದರಲ್ಲಿ ಸೇರಿದೆ. ಕಾಯುವವರನ್ನು ಕಾಯಲು ಯಂತ್ರ.

ಸ್ಯಾಂಡ್ರಾ ಬ್ಲಾಂಡ್ ಅಪರಾಧಿಯೆಂದು ಯಾವ ನ್ಯಾಯಾಲಯವೂ ಹೇಳಿರಲಿಲ್ಲ. ಇಲ್ಲಿ ಪದಗಳ ಇನ್ನೊಂದು ವ್ಯತ್ಯಾಸ ತಿಳಿದಿರಲಿ. ಅಮೆರಿಕದಲ್ಲಿ ‘ಜೈಲ್’ ಎಂದರೆ ಮುಖ್ಯವಾಗಿ ವಿಚಾರಣೆಗೆ ಕಾಯುತ್ತಿರುವವರ ಜಾಗ, ‘ಪ್ರಿಸನ್’ ಎಂದರೆ ಶಿಕ್ಷೆ ಅನುಭವಿಸುವವರದು. ಕನ್ನಡದಲ್ಲಿ ಎರಡೂ ಜೈಲೇ. ಆದರೆ ಒಳಗಿರುವವರಿಗೆ ಬೇರೆ ಬೇರೆ ಹೆಸರಿದೆ. ಮೊದಲನೆಯವರು ‘ವಿಚಾರಣಾಧೀನ ಕೈದಿ’, ಎರಡನೆಯವರು ‘ಸಜಾಬಂದಿ’. ಭಾರತ ಸರ್ಕಾರದ 2022ರ ಅಂಕಿ ಅಂಶದ ಪ್ರಕಾರ ಅಲ್ಲಿನ ಜೈಲುಗಳಲ್ಲಿ ಇರುವವರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರು. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರ್‌ನಲ್ಲಿ ದುಡ್ಡಿನ ಜಾಮೀನನ್ನು ಪೂರ್ತಿ ತೆಗೆದುಹಾಕಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು.

ನ್ಯಾಯಾಲಯಗಳೂ ‘ಕಾಯುವುದು’ ಎಂಬ ಪದದ ಎರಡನೆಯ ಅರ್ಧವನ್ನು ನೆನಪಿಸಿವೆ. 1976ರ ನವೆಂಬರ್‌ನಲ್ಲಿ, ಅತ್ತ ಬೆಂಗಳೂರಿನಲ್ಲಿ ಸ್ನೇಹಲತಾ ಉಸಿರಿಗಾಗಿ ಒದ್ದಾಡುತ್ತಿದ್ದಾಗ, ಇಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಸ್ಟೆಲ್ ವರ್ಸಸ್ ಗ್ಯಾಂಬಲ್ ತೀರ್ಪು ಕೊಟ್ಟಿತು. ಕೈದಿಯ ಗಂಭೀರ ಕಾಯಿಲೆಯನ್ನು ತಿಳಿದೂ ತಿಳಿದೂ ಕಡೆಗಣಿಸುವುದು ಸಂವಿಧಾನದ ಎಂಟನೇ ತಿದ್ದುಪಡಿ ನಿಷೇಧಿಸಿರುವ ಕ್ರೂರ ಶಿಕ್ಷೆ ಎಂದಿತು. 1978ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಸುನಿಲ್ ಬಾತ್ರಾ ಪ್ರಕರಣದಲ್ಲಿ, ಜೈಲಿನ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳು ಹೊರಗೆ ಉಳಿದುಬಿಡುವುದಿಲ್ಲ ಎಂದು ಸ್ಪಷ್ಟಪಡಿಸಿತು. ಎರಡು ದೇಶ, ಎರಡು ಸಂವಿಧಾನ, ಎರಡು ವರ್ಷದ ಅಂತರ, ಒಂದೇ ಮಾತು: ಬೀಗದ ಕೈ ಯಾರ ಬಳಿ ಇದೆಯೋ ಒಳಗಿನ ಜೀವವೂ ಅವರ ಹೊಣೆ.

ಯಾವಾಗ ಯಾವ ಪದ?

ಕೊನೆಗೆ ಬಳಕೆಯ ಮಾತು. ಅಧಿಕಾರಿಯ ಹುದ್ದೆ ಹೇಳುವಾಗ ‘ಜೈಲರ್’, ‘ಅಧೀಕ್ಷಕ’ ಎಂದೇ ಹೇಳಿ, ಅದೇ ಎಲ್ಲರಿಗೂ ಅರ್ಥವಾಗುವುದು. ಸುದ್ದಿಯಲ್ಲಿ ‘ಕಾರಾಗೃಹ ಸಿಬ್ಬಂದಿ’ ಸರಿ. ಹಳೆಯ ಕಾಲದ ಕಥೆಗೆ ‘ಬಂದೀಖಾನೆ’, ‘ಪಹರೆಯವರು’ ಚೆಂದ. ಕರೆಕ್ಷನಲ್ ಆಫೀಸರ್ ಎನ್ನುವುದನ್ನು ಅಜ್ಜಿಗೆ ಹೇಳಬೇಕಾದರೆ ‘ತಿದ್ದುವ ಅಧಿಕಾರಿ’ ಎನ್ನಬೇಡಿ, ಶಾಲೆಯ ಮೇಷ್ಟರು ಎಂದುಕೊಂಡಾರು! ‘ಜೈಲಿನ ಕಾವಲುಗಾರರು’ ಎನ್ನಿ.

ನಿಮ್ಮಲ್ಲಿ ಕೆಲವರು ಮುಂದೆ ವಕೀಲರಾಗುತ್ತೀರಿ, ಡಾಕ್ಟರಾಗುತ್ತೀರಿ, ಯಾರಾದರೊಬ್ಬರು ಜೈಲಿನ ಕ್ಲಿನಿಕ್‌ನಲ್ಲೋ ಸೋಷಿಯಲ್ ವರ್ಕರ್ ಆಗಿಯೋ ಕೆಲಸ ಮಾಡಬಹುದು. ಇಂಗ್ಲಿಷ್ ಬಾರದ ಕನ್ನಡದ ಹಿರಿಯರೊಬ್ಬರು ಯಾವುದೋ ಕೌಂಟರಿನ ಮುಂದೆ ಗಾಬರಿಯಿಂದ ನಿಂತಾಗ ದುಭಾಷಿಯಾಗಿ ನಿಮ್ಮನ್ನೇ ಕರೆಯಬಹುದು. ‘ಅವರು ಕಸ್ಟಡಿಯಲ್ಲಿದ್ದಾರೆ’ ಎಂದು ಹೇಳಬೇಕಾದಾಗ ‘ಬಂಧನದಲ್ಲಿದ್ದಾರೆ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ‘ಅವರನ್ನು ಕಾಯುವ ಹೊಣೆ ಈಗ ಇವರದು’ ಎಂದೂ ಸೇರಿಸಿ. ಆಮೇಲೆ ಕೌಂಟರಿನ ಕಡೆ ತಿರುಗಿ, ಅವರ ಮಾತ್ರೆ ಸಮಯಕ್ಕೆ ಸಿಗುತ್ತಿದೆಯೇ, ಕೊನೆಯ ಸಲ ಅವರನ್ನು ಯಾರು ಎಷ್ಟು ಹೊತ್ತಿಗೆ ನೋಡಿದರು ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಡೆಟ್ರಾಯಿಟ್ ಕಡೆಯವರು, ಮಂಗಳೂರು, ಧಾರವಾಡ, ಕಲಬುರಗಿ ಮೂಲದವರು, ನಿಮ್ಮ ಮನೆಗಳಲ್ಲಿ ಜೈಲು ಕಾಯುವವರಿಗೆ ಬೇರೆ ಪದವೇನಾದರೂ ಇದ್ದರೆ ಹಿರಿಯರನ್ನು ಕೇಳಿ ಬರೆದು ಕಳಿಸಿ. ಮುಂದಿನ ಮಾತಿನಲ್ಲಿ ಸೇರಿಸೋಣ.